ಅಪ್‌ಡೇಟ್: ಫಿನಾಫ್ತಲೀನ್‌ನ ಗುಲಾಬಿ ಬಣ್ಣ ಈಗ ನಿಲ್ಲುತ್ತಿದೆ

ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಅಳೆದು ಹಾಕುವಾಗ, ಆಮ್ಲ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಸೂಚಕವಾದ ಫಿನಾಫ್ತಲೀನ್‌ನಿಂದ ಕೊನೆಯಲ್ಲಿ ಬರುವ ಗುಲಾಬಿ ಬಣ್ಣ ಸ್ವಲ್ಪ ಹೊತ್ತಿಗೇ ಮಾಯವಾಗುತ್ತದೆ, ಏಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಸೂಚಕದ ಹೊಸ ದ್ರಾವಣ ತಂದರೂ ವ್ಯತ್ಯಾಸವಾಗಲಿಲ್ಲ. ಹೆಚ್ಚು ಹನಿ ಹಾಕಿ ಎಂಬ ಸಲಹೆಯನ್ನು ಮಾತ್ರ ಯಾರೂ ಪಾಲಿಸಬೇಡಿ. ಫಿನಾಫ್ತಲೀನ್ ತಾನೇ ಒಂದು ದುರ್ಬಲ ಆಮ್ಲ. ಹೆಚ್ಚಾದರೆ ಅದೂ ಪ್ರತ್ಯಾಮ್ಲವನ್ನು (ಇಲ್ಲಿ ಸೋಡಿಯಂ ಹೈಡ್ರಾಕ್ಸೈಡ್) ಬಳಸಿಕೊಂಡು ಅಳತೆ ಕೆಡಿಸುತ್ತದೆ. ಎರಡು ಹನಿ ಸಾಕು.

ಫಲ ಕೊಟ್ಟದ್ದು ಭಟ್ಟಿ ಇಳಿಸಿದ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸುವ ಸಲಹೆ. ಗಾಳಿಗೆ ತೆರೆದಿಟ್ಟ ಶುದ್ಧ ನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಮಾರು 5.6 ಪಿಎಚ್‌ಗೆ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) ಇಳಿದಿರುತ್ತದೆ. ಗುಲಾಬಿ ಕಾಣಿಸಿಕೊಳ್ಳುವುದು ಪಿಎಚ್ 8.2ರ ಆಸುಪಾಸಿನಲ್ಲಿ. ಅಲ್ಲಿ ಕರಗಿದ ಅನಿಲ ನಿಧಾನವಾಗಿ ಆಮ್ಲವಾಗುತ್ತಾ ಬಂದರೆ ಸೂಚಕದ ಅಣು ಹೈಡ್ರೋಜನ್ ಅಯಾನನ್ನು ಮರಳಿ ಪಡೆದು ಬಣ್ಣ ಕಳೆದುಕೊಳ್ಳುತ್ತದೆ. ಈಗ ತೆಳು ಗುಲಾಬಿ ಅರ್ಧ ನಿಮಿಷಕ್ಕೂ ಹೆಚ್ಚು ನಿಲ್ಲುತ್ತಿದೆ. ಆಮೇಲೆ ಮಾಸಿದರೂ ಚಿಂತೆಯಿಲ್ಲ, ಗಾಳಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಫ್ಲಾಸ್ಕನ್ನು ಜೋರಾಗಿ ಕುಲುಕದೆ ಮೆಲ್ಲನೆ ತಿರುಗಿಸಿ.

ನನ್ನನ್ನು ಬೆರಗುಗೊಳಿಸಿದ್ದು ಬೇರೆಯೇ. ಸಾಂದ್ರ ಸೋಡಿಯಂ ಹೈಡ್ರಾಕ್ಸೈಡ್‌ಗೆ (ಕನ್ನಡಕ, ಕೈಗವಸು ಕಡ್ಡಾಯ) ಒಂದು ಹನಿ ಸೂಚಕ ಬಿಟ್ಟರೆ ಮೊದಲು ಕಡು ಗುಲಾಬಿ, ನೋಡುತ್ತಿದ್ದಂತೆಯೇ ಬಣ್ಣರಹಿತ! ಅಲ್ಲಿ ಹೈಡ್ರಾಕ್ಸೈಡ್ ಅಯಾನು ಅಣುವಿನ ನಡುವಿನ ಇಂಗಾಲಕ್ಕೇ ಅಂಟಿಕೊಂಡು, ಬಣ್ಣಕ್ಕೆ ಕಾರಣವಾದ ಬಂಧಗಳ ಸರಣಿಯನ್ನು ಮುರಿಯುತ್ತದೆ. ಪಠ್ಯದಲ್ಲಿ ಇದೂ ಇರಬೇಕಿತ್ತು.