ಅಪ್‌ಡೇಟ್: ಫಾಗಿಂಗ್ ಆದರೂ ಸೊಳ್ಳೆ ಯಾಕೆ ಅಂತ ಕೇಳಿದ್ದಕ್ಕೆ

ಶರಣ್ರಿ. ಕಲಬುರಗಿಯ ನಮ್ಮ ಮನೆಯಲ್ಲಿ ಫಾಗಿಂಗ್ ಆದಮೇಲೂ ಹಗಲು ರಾತ್ರಿ ಸೊಳ್ಳೆ ಯಾಕೆ ಅಂತ ಕೇಳಿದ್ದೆ. ಹೊಗೆ ಸಾಯಿಸೋದು ಹಾರುವ ಸೊಳ್ಳೆಯನ್ನಷ್ಟೇ, ನೀರಲ್ಲಿರುವ ಮರಿಯನ್ನಲ್ಲ. ಮೂಲ ಎರಡು ಸಿಕ್ಕಿವೆ.

ರಾತ್ರಿ ಕಚ್ಚುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಸೆಪ್ಟಿಕ್ ಟ್ಯಾಂಕಿನದು. ಗಾಳಿ ಪೈಪಿನ ಬಾಯಿಗೆ ನೈಲಾನ್ ಜಾಳಿಗೆ ಬಿಗಿದಿದೆ. ಬಟ್ಟೆ ಕಟ್ಟಬೇಡಿ, ಗ್ಯಾಸ್ ಹೊರಗೆ ಹೋಗಲ್ಲ. ಮುಚ್ಚಳದ ಸಂದಿಗೆ ಮರಳು ಜಾಸ್ತಿ, ಸಿಮೆಂಟ್ ಕಡಿಮೆ ಇರುವ ಗಾರೆ ಮೆತ್ತಿದರೆ ಮುಂದೆ ತೆಗೆಯೋದು ಸುಲಭ.

ಹಗಲು ಕಚ್ಚುವ ಈಡಿಸ್ ಜಾತಿಯ ಸೊಳ್ಳೆಯದೇ ನಿಜವಾದ ತಲೆನೋವು. ಅಂಗಳದ ನೀರಿನ ಟಾಕಿಗೆ ಶಹಾಬಾದ್ ಕಲ್ಲು ಮುಚ್ಚಿದೆ, ಆದರೆ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ. ಟಾರ್ಚ್ ಬಿಟ್ಟ ಕೂಡಲೇ ಮರಿಗಳು ಕೊಂಕುತ್ತಾ ತಳಕ್ಕಿಳಿದವು. ನಳದ ನೀರು ಬರೋದೇ ದಿನ ಬಿಟ್ಟು, ಚೆಲ್ಲಲು ಮನಸ್ಸು ಬರಲ್ಲ. ಚೆಲ್ಲಿದರೂ ಸಾಲದು: ಮೊಟ್ಟೆ ನೀರಿನ ಗೆರೆಗಿಂತ ತುಸು ಮೇಲೆ ಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿ, ನೀರು ಏರಿದಾಗ ಮರಿಯಾಗುತ್ತವೆ. ಆ ಗೆರೆಯನ್ನೇ ಒರಟು ಬ್ರಷ್‌ನಿಂದ ವಾರಕ್ಕೊಮ್ಮೆ ತಿಕ್ಕಬೇಕು. ಇಲ್ಲಿಯ ಸೆಕೆಗೆ ಮೊಟ್ಟೆ ಸೊಳ್ಳೆಯಾಗಲು 7–10 ದಿನ ಸಾಕು, ಹದಿನೈದು ದಿನಕ್ಕೊಮ್ಮೆ ತೊಳೆದರೆ ತೊಳೆದ ಹಾಗಲ್ಲ.

ಬಳಕೆ ನೀರಿಗೆ ಟೆಮೆಫಾಸ್ 50% ಇಸಿ (ಸೊಳ್ಳೆ ಮರಿ ಸಾಯಿಸುವ, ನೀರಿಗೆ ಬೆರೆಸುವ ದ್ರವ ಔಷಧ): 1000 ಲೀಟರಿಗೆ 2 ಮಿ.ಲೀ. ಸಿರಿಂಜಿನಲ್ಲೇ ಅಳೆಯಿರಿ, ಬಾಟಲಿ ಮುಚ್ಚಳ ನಂಬಬೇಡಿ. ಕುಡಿಯುವ ಕೊಡಕ್ಕೆ ಔಷಧ ಬೇಡ, ಬಟ್ಟೆ ಕಟ್ಟಿ.

ಕೂಲರ್‌ಗೂ ಇದೇ ಕಥೆ. ಬೇಸಿಗೆ ಮುಗಿದ ಮೇಲೆ ನೀರು ಬಸಿದು, ತಳ ತಿಕ್ಕಿ, ಹುಲ್ಲು ತೆಗೆದು ಬಿಸಾಕಿ.