ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿ, ಗಂಜಲ, ಹಾಲು ಏನು ಮಾಡಬೇಕು?

ಕೊಟ್ಟಿಗೆ_ಮಂಡ್ಯ:
ಎರಡು ಎಚ್‌ಎಫ್ ಹಸುಗಳಲ್ಲಿ ಒಂದಕ್ಕೆ ಕೆಚ್ಚಲು ಬಾವು. ಡಾಕ್ಟರು 5 ದಿನ ಎನ್ರೋಫ್ಲಾಕ್ಸಾಸಿನ್ ಇಂಜೆಕ್ಷನ್, ಜೊತೆಗೆ ಮೊಲೆಗೆ ಏರಿಸುವ ಟ್ಯೂಬ್ ಬರೆದಿದ್ದಾರೆ. ಹಾಲು ಡೇರಿಗೆ ಹಾಕುತ್ತಿಲ್ಲ. ಸಗಣಿ ಸ್ವಲ್ಪ ಗೋಬರ್ ಗ್ಯಾಸಿಗೆ, ಸ್ವಲ್ಪ ಜೀವಾಮೃತಕ್ಕೆ, ಉಳಿದದ್ದು ತಿಪ್ಪೆಗೆ ಹೋಗುತ್ತದೆ. ಆ ಗೊಬ್ಬರವೇ ಕೊತ್ತಂಬರಿ, ಮೂಲಂಗಿ ಮಡಿಗೆ. ಕೊಟ್ಟಿಗೆ ತೊಳೆದ ನೀರು ಚರಂಡಿ ಹಿಡಿದು ಕೆರೆ ಸೇರುತ್ತದೆ. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ?

ಮಣ್ಣು_ನೀರು:
ಮೊದಲು ಔಷಧಿ ಯಾವುದು ಅಂತ ನೋಡಿ, ಎಲ್ಲವೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಪೆನಿಸಿಲಿನ್, ಆಂಪಿಸಿಲಿನ್ ಜಾತಿಯವು ಗಂಜಲದಲ್ಲಿ ಹೆಚ್ಚು ಹೊರಬರುತ್ತವೆ, ಆದರೆ ತಿಪ್ಪೆಯಲ್ಲಿ ಬೇಗ ಒಡೆದುಹೋಗುತ್ತವೆ. ಆಕ್ಸಿಟೆಟ್ರಾಸೈಕ್ಲಿನ್ ಬಹುಪಾಲು ಹಾಗೇ ಹೊರಬಂದು ಜೇಡಿಮಣ್ಣಿಗೆ, ಗೊಬ್ಬರಕ್ಕೆ ಅಂಟಿಕೊಳ್ಳುತ್ತದೆ. ಸಲ್ಫಾ ಔಷಧಿಗಳು ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ. ನೀರಿನ ಜೊತೆ ಇಳಿದು ಬಾವಿ, ಕೆರೆ ಸೇರುವುದು ಅವೇ. ಅದೂ ಅಲ್ಲದೆ, ಹಸುವಿನ ದೇಹ ಬದಲಿಸಿ ಹೊರಹಾಕಿದ ಸಲ್ಫಾ ಸಗಣಿಯೊಳಗೆ ಮತ್ತೆ ಮೂಲ ಔಷಧಿಯಾಗಿ ತಿರುಗಬಲ್ಲದು.

ನಿಮ್ಮದು ಎನ್ರೋಫ್ಲಾಕ್ಸಾಸಿನ್. ಅದರಲ್ಲಿ ಒಂದು ಪಾಲು ಹಸುವಿನ ಮೈಯಲ್ಲೇ ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ಮನುಷ್ಯರಿಗೆ ಕೊಡುವ ಮಾತ್ರೆಯೂ ಅದೇ, ಆದ್ದರಿಂದಲೇ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಣ್ಣಿಗೆ ಬಲವಾಗಿ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಬಿದ್ದ ಮೇಲ್ಪದರದಲ್ಲಿ ಒಡೆಯುತ್ತದೆ, ಒಳಗೆ ಹೂತರೆ ಇಲ್ಲ.

ಇಂಜೆಕ್ಷನ್ ಶುರುವಾದ ದಿನದಿಂದ ಕೊನೇ ಡೋಸ್ ಆಗಿ ಕನಿಷ್ಠ 7 ದಿನದವರೆಗೆ ಆ ಹಸುವಿನ ಸಗಣಿ, ಗಂಜಲ ಬೇರೆ ಇಡಿ. ಜೀವಾಮೃತಕ್ಕಂತೂ ಬೇಡವೇ ಬೇಡ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು ಹಾಕುವುದೇ ಸೂಕ್ಷ್ಮಜೀವಿ ಬೆಳೆಸಲು. ಅದಕ್ಕೆ ಸೂಕ್ಷ್ಮಜೀವಿ ಕೊಲ್ಲುವ ಔಷಧಿ ಬೆರೆಸಿದರೆ ಔಷಧಿ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಮಾತ್ರ ಉಳಿದು ಬೆಲ್ಲ ತಿಂದು ಹೆಚ್ಚುತ್ತವೆ.

ತೊಳೆಯುವ ಮುಂಚೆ ಸಗಣಿಯನ್ನು ಸಲಿಕೆಯಲ್ಲಿ ಪೂರ್ತಿ ಎತ್ತಿ. ಗಂಜಲ ಬೀಳುವ ಕಡೆ ಮರದ ಹೊಟ್ಟು ಅಥವಾ ಒಣ ತರಗು ಹರಡಿ, ನೆನೆದ ಮೇಲೆ ಅದನ್ನೂ ಗುಡ್ಡೆಗೆ ಹಾಕಿ. ಚರಂಡಿಗೆ ಹೋಗುವ ಪಾಲು ಅಲ್ಲೇ ಬಹಳ ಇಳಿಯುತ್ತದೆ.

ಬಿಸಿಗೊಬ್ಬರ:
ತಿಪ್ಪೆಗುಂಡಿ ಈ ಕೆಲಸಕ್ಕೆ ಆಗುವುದಿಲ್ಲ. ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಬಿಸಿ ಏರುವುದಿಲ್ಲ. ನೆಲದ ಮೇಲೆ ಗುಡ್ಡೆ ಮಾಡಿ: ಅಗಲ 4–5 ಅಡಿ, ಎತ್ತರ 3 ಅಡಿಗೆ ಕಡಿಮೆ ಬೇಡ. ಒಂದೇ ಹಸುವಿನ ಸಗಣಿ ಇಷ್ಟು ಗಾತ್ರಕ್ಕೆ ಸಾಲದು, ಇನ್ನೊಂದರದ್ದನ್ನೂ ಸೇರಿಸಿಕೊಳ್ಳಿ. ಸಣ್ಣ ಗುಡ್ಡೆ ಕಾವು ಹಿಡಿಯುವುದಿಲ್ಲ. ಬರೀ ಸಗಣಿ ಮುದ್ದೆಗಟ್ಟಿ ಉಸಿರಾಡುವುದಿಲ್ಲ, ಹಾಗಾಗಿ ರಾಗಿ ಹುಲ್ಲು, ಕಬ್ಬಿನ ತರಗು ಕತ್ತರಿಸಿ ಬೆರೆಸಿ. ಹಿಂಡಿ ನೋಡಿ: ಬೆರಳಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ, ಧಾರೆ ಇಳಿದರೆ ಹುಲ್ಲು ಸಾಲದು.

55 ಡಿಗ್ರಿ ಮೇಲೆ 15 ದಿನ ಇರಬೇಕು, ಅಷ್ಟರಲ್ಲಿ 5 ಸಲ ಮಗುಚಬೇಕು. ಹೊರಗಿನದು ಒಳಗೆ ಬರದಿದ್ದರೆ ಅಂಚಿನದು ತಣ್ಣಗೇ ಉಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸಲಾಕೆ ಚುಚ್ಚಿ 10 ನಿಮಿಷ ಬಿಟ್ಟು ತೆಗೆಯಿರಿ, ಹಿಡಿಯಲಾಗದಷ್ಟು ಸುಡಬೇಕು. ಮಳೆಗೆ ಟಾರ್ಪಾಲು, ಸುತ್ತ ಒಂದು ಗೇಣು ಮಣ್ಣಿನ ಬದು.

ಹೀಗೆ ಮಾಡಿದರೂ ಎನ್ರೋಫ್ಲಾಕ್ಸಾಸಿನ್ ಪೂರ್ತಿ ಹೋಗುವುದಿಲ್ಲ. ಟೆಟ್ರಾಸೈಕ್ಲಿನ್ ಗಣನೀಯವಾಗಿ ಇಳಿಯುತ್ತದೆ, ಎನ್ರೋಫ್ಲಾಕ್ಸಾಸಿನ್ ಮಾತ್ರ ಮೊಂಡು. ಆದ್ದರಿಂದ ಆ ಗುಡ್ಡೆ ತೆಂಗು, ಮಾವಿನ ಬುಡಕ್ಕೆ ಹೋಗಲಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ.

ಕೊಟ್ಟಿಗೆ_ಮಂಡ್ಯ:
ಧನ್ಯವಾದ ಸರ್. ಗೋಬರ್ ಗ್ಯಾಸಿಗೆ ಹಾಕಬಹುದಾ? ಹಾಲನ್ನು ಕರುವಿಗೆ ಕುಡಿಸಿದರೆ?

ಪಶುವೈದ್ಯೆ:
ಗ್ಯಾಸಿಗೆ ಆ ದಿನಗಳಲ್ಲಿ ಇನ್ನೊಂದು ಹಸುವಿನ ಸಗಣಿ ಮಾತ್ರ ಹಾಕಿ. ಔಷಧಿ ಹೆಚ್ಚಾದರೆ ಗ್ಯಾಸ್ ಉತ್ಪತ್ತಿ ಕುಗ್ಗುತ್ತದೆ. ಡೈಜೆಸ್ಟರ್‌ನೊಳಗೆ 55 ಡಿಗ್ರಿ ಕಾವೂ ಇರುವುದಿಲ್ಲ, ಔಷಧಿ ಸ್ಲರಿಯಲ್ಲೇ ಹೊರಬರುತ್ತದೆ.

ಕರುವಿಗೆ ಖಂಡಿತ ಕುಡಿಸಬೇಡಿ. ಹಾಲಿನಲ್ಲಿ ಉಳಿದ ಸ್ವಲ್ಪ ಔಷಧಿ ಕರುವಿನ ಕರುಳಲ್ಲಿ ನಿರೋಧಕ ಬ್ಯಾಕ್ಟೀರಿಯಾ ಬೆಳೆಸುತ್ತದೆ, ನಾಳೆ ಅದಕ್ಕೆ ಭೇದಿಯಾದಾಗ ಔಷಧಿ ನಾಟುವುದಿಲ್ಲ. ಕಾಯಿಸಿದರೆ ಹೋಗುತ್ತದೆ ಅನ್ನುವುದೂ ತಪ್ಪು. ಚರಂಡಿಗೂ ಸುರಿಯಬೇಡಿ. ಹಾಲಿನ ಬಿಒಡಿ (ಕೊಳೆಯುವಾಗ ನೀರಿನಿಂದ ಹೀರುವ ಆಮ್ಲಜನಕ) ಲೀಟರಿಗೆ ಸುಮಾರು 1 ಲಕ್ಷ ಮಿಲಿಗ್ರಾಂ, ಕೆರೆ–ಹೊಳೆಗೆ ಬಿಡುವ ನೀರಿಗೆ ಇರುವ ಮಿತಿ 30. ಒಂದು ಲೀಟರ್ ಹಾಲು 3,000 ಲೀಟರಿಗೂ ಹೆಚ್ಚು ನೀರನ್ನು ಕೆಡಿಸುತ್ತದೆ, ಮೀನಿಗೆ ಉಸಿರು ಸಿಗುವುದಿಲ್ಲ. ಒಣ ಹುಲ್ಲು ಹೆಚ್ಚಿಗೆ ಹಾಕಿ ಬಿಸಿಗೊಬ್ಬರದ ಗುಡ್ಡೆಯ ನಡುವೆ ಕುಳಿ ತೋಡಿ ಸುರಿದು ಮುಚ್ಚಿ.

ಎಷ್ಟು ದಿನ ಅಂದರೆ, ಲೇಬಲ್ ಮೇಲೆ ಹಾಲಿನ ಅವಧಿ (ಕೊನೇ ಡೋಸ್ ಆದ ಮೇಲೆ ಹಾಲು ಬಳಸಬಾರದ ದಿನಗಳು) ನೋಡಿ. ಅವಧಿ ನಮೂದಿಸಿಲ್ಲದಿದ್ದರೆ ನಮ್ಮ ದೇಶದ ಔಷಧ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ, ಔಷಧಿ ರಕ್ತದ ಮೂಲಕ ಉಳಿದ ಮೊಲೆಗಳಿಗೂ ಬರುತ್ತದೆ.

ನೋವಿನ ಇಂಜೆಕ್ಷನ್ ಕೊಡಿಸುವಾಗ ಮೆಲಾಕ್ಸಿಕಾಮ್ ಕೇಳಿ. ಡೈಕ್ಲೋಫೆನಾಕ್ ದನಗಳಿಗೆ 2006ರಿಂದ ನಿಷೇಧ, ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ 2023ರಿಂದ. ಈ ನಿಷೇಧಿತ ಔಷಧಿ ಮೈಯಲ್ಲಿರುವಾಗ ಹಸು ಸತ್ತು, ಹೆಣ ಬಯಲಿಗೆ ಬಿದ್ದರೆ, ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ರಣಹದ್ದು ಧಾಮವಿರುವ ರಾಮನಗರದ ರಾಮದೇವರ ಬೆಟ್ಟ ನಿಮಗೆ ದೂರವೇನಲ್ಲ.

ಖಾಲಿ ಟ್ಯೂಬ್, ಉಳಿದ ಬಾಟಲಿ ಬೇಲಿಗೆ ಎಸೆಯಬೇಡಿ, ಡಬ್ಬಿಯಲ್ಲಿ ಕೂಡಿಸಿ ಮುಂದಿನ ಸಲ ಪಶು ಆಸ್ಪತ್ರೆಗೆ ಹೋದಾಗ ಅವರ ಕೈಗೇ ಕೊಡಿ.