ತೋಜಿ ಸಂತೆಯಲ್ಲಿ ಕೊಂಡ ಎತ್ತು: ಈ ನೆಟ್ಸುಕೆ ಹಳೆಯದಾ, ಬೆಲೆ ಎಷ್ಟಾಗಬಹುದು?

ಓಸಾಕಾ ಕನ್ನಡತಿ:
ನಮಸ್ಕಾರ. ಕ್ಯೋಟೊದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ ಸೇರುತ್ತದಲ್ವಾ, ಅಲ್ಲಿ ಒಂದು ನೆಟ್ಸುಕೆ ಕೊಂಡೆ, ಅಂದರೆ ಕಿಮೋನೋ ಪಟ್ಟಿಗೆ ಚೀಲ ನೇತುಹಾಕಲು ಬಳಸುತ್ತಿದ್ದ ಪುಟ್ಟ ಕೆತ್ತನೆ. ಮಲಗಿರುವ ಎತ್ತು. ಐದೂವರೆ ಸೆಂಟಿಮೀಟರ್ ಉದ್ದ, ಬಿಳಿ ಬಣ್ಣ, ಅಲ್ಲಲ್ಲಿ ಕಂದು. ಹೊಟ್ಟೆಯ ಕೆಳಗೆ ಎರಡು ತೂತು, ಪಕ್ಕದಲ್ಲಿ ಒಂದು ಚೌಕದೊಳಗೆ ‘ತೋಮೊತಾದಾ’ ಅಂತ ಸಹಿ. 9,000 ಯೆನ್ ಕೊಟ್ಟೆ. ಆನೆದಂತ, ಎದೋ ಕಾಲದ್ದು (ಜಪಾನಿನ 17ರಿಂದ 19ನೇ ಶತಮಾನ) ಅಂದರು ಮಾರಿದವರು. ಮುಂದಿನ ತಿಂಗಳು ಊರಿಗೆ ಹೋಗುವಾಗ ಅಪ್ಪನಿಗೆ ಕೊಡಬೇಕು ಅಂತಿದ್ದೇನೆ. ಅವರು ಮೂವತ್ತು ವರ್ಷ ಎತ್ತು ಸಾಕಿದವರು. ಇದು ನಿಜವಾಗಿ ಹಳೆಯದಾ?

ಉಳಿಗಾರ:
ಮೇಡಂ, ಮೊದಲು ಒಂದು ಮಾತು. ದಂತವೇ ಆಗಿದ್ದರೆ ದಯವಿಟ್ಟು ಊರಿಗೆ ತರಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದರ ಮೇಲೆ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ. ವಿಮಾನ ನಿಲ್ದಾಣದಲ್ಲೇ ತೊಂದರೆಯಾಗುತ್ತದೆ.

ನಾನು ಸಾಗರದ ಗುಡಿಗಾರರ ಮನೆಯವನು, ಗಂಧದ ಕೆತ್ತನೆ ನೋಡುತ್ತಲೇ ಬೆಳೆದೆ. ಯೊಕೊಹಾಮಾದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದಾಗ ನೆಟ್ಸುಕೆ ಹುಚ್ಚು ಹಿಡಿಯಿತು. ನಾನು ಸಹಿಯನ್ನು ಕೊನೆಗೆ ನೋಡುತ್ತೇನೆ. ತೋಮೊತಾದಾ 18ನೇ ಶತಮಾನದ ಕ್ಯೋಟೊ ಕೆತ್ತನೆಗಾರರು, ಎತ್ತಿಗೇ ಹೆಸರಾದವರು. ಅವರ ಕೆಲಸವನ್ನು ನಕಲು ಮಾಡುವವರು ಜಾಸ್ತಿ ಅಂತ 1781ರ ‘ಸೋಕೆನ್ ಕಿಶೋ’ ಪುಸ್ತಕದಲ್ಲೇ ಇದೆ. ಇನ್ನೂರು ವರ್ಷದ ಮೇಲಾಯಿತು, ಆ ನಕಲು ನಿಂತಿಲ್ಲ.

ಮೊದಲು ತೂತು ನೋಡಿ. ಕಿಮೋನೋಗೆ ಜೇಬಿಲ್ಲ. ತಂಬಾಕಿನ ಚೀಲ, ಔಷಧಿ ಡಬ್ಬಿ ಎಲ್ಲ ದಾರದಲ್ಲಿ ನೇತಾಡುತ್ತಿದ್ದವು. ದಾರದ ಮೇಲಿನ ತುದಿಯನ್ನು ಸೊಂಟದ ಪಟ್ಟಿಯೊಳಗಿಂದ ತೂರಿಸಿ, ಜಾರದ ಹಾಗೆ ಹಿಡಿಯುವುದೇ ನೆಟ್ಸುಕೆಯ ಕೆಲಸ. ದಾರದ ಗಂಟು ಒಳಗೆ ಅಡಗಬೇಕು, ಅದಕ್ಕೇ ಹಳೆಯದರಲ್ಲಿ ಒಂದು ತೂತು ದೊಡ್ಡದು, ಇನ್ನೊಂದು ಚಿಕ್ಕದು ಇರುವುದು ಹೆಚ್ಚು. ದಾರ ಉಜ್ಜಿ ಉಜ್ಜಿ ಅಂಚು ನುಣುಪಾಗಿರುತ್ತದೆ. ಬೆರಳ ತುದಿ ಆಡಿಸಿ, ಗೊತ್ತಾಗುತ್ತದೆ.

ಆಮೇಲೆ ಸವೆತ. ಬಟ್ಟೆ ತಾಗಿದ ಕಡೆ, ಬೆನ್ನಿನ ಏಣು, ಮೊಣಕಾಲು ಇವು ಸವೆದಿರಬೇಕು. ಕಾಲಿನ ಸಂದಿಯಲ್ಲಿ ಉಳಿ ಗುರುತು ಚೂಪಾಗೇ ಉಳಿದಿರಬೇಕು.

ಅದಾದ ಮೇಲೆ ವಸ್ತು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿಯಿರಿ. ದಂತವಾದರೆ ಅಡ್ಡ ಕೊಯ್ದ ಮುಖದಲ್ಲಿ ಒಂದರ ಮೇಲೊಂದು ಹಾದ ಬಲೆಯಂಥ ಗೆರೆ ಕಾಣುತ್ತದೆ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ, ಗೀರು. ಎರಕ ಹೊಯ್ದ ರೆಸಿನ್ (ಪ್ಲಾಸ್ಟಿಕ್ ಥರದ ವಸ್ತು) ಆದರೆ ಎರಡೂ ಇರುವುದಿಲ್ಲ. ಅಚ್ಚಿನ ಜೋಡಣೆಯ ಗೆರೆ ಇದೆಯಾ ಹುಡುಕಿ.

ಹಳೇ ಸಾಮಾನು:
ಅಷ್ಟೆಲ್ಲ ಯಾಕೆ, ಸೂಜಿ ಕಾಯಿಸಿ ಚುಚ್ಚಿದರೆ ಆಯ್ತು. ಪ್ಲಾಸ್ಟಿಕ್ ಆದರೆ ಕರಗುತ್ತೆ.

ಉಳಿಗಾರ:
ಬೇಡ, ಖಂಡಿತ ಬೇಡ. ಅಸಲಿಯೇ ಆಗಿದ್ದರೆ ಸುಟ್ಟ ಕಲೆ ಶಾಶ್ವತ, ಬೆಲೆಯೂ ಹೋಯಿತು. ಯಾರೋ ಹೀಗೆ ಚುಚ್ಚಿದ ಒಂದು ಚೆಂದದ ಮೊಲವನ್ನು ಕೈಯಲ್ಲಿ ಹಿಡಿದಿದ್ದೇನೆ, ಅದರ ಹೊಟ್ಟೆ ನೋಡಿ ಸಂಕಟವಾಯಿತು.

ಓಸಾಕಾ ಕನ್ನಡತಿ:
ಸರ್, ನಿನ್ನೆ ರಾತ್ರಿ ಕೂತು ನೋಡಿದೆ. ಎರಡೂ ತೂತು ಒಂದೇ ಅಳತೆ, ಅಂಚು ಉಗುರಿಗೆ ತಾಗುವಷ್ಟು ಚೂಪು. ಬಲೆಯಂಥ ಗೆರೆ ಎಲ್ಲೂ ಇಲ್ಲ, ಚುಕ್ಕೆಯೂ ಇಲ್ಲ. ಬಾಲದಿಂದ ಗೊರಸಿನವರೆಗೆ ಕೂದಲೆಳೆಯಂಥ ಒಂದು ಗೆರೆ ನೇರವಾಗಿ ಹೋಗಿದೆ. ಕಿವಿಯ ಹಿಂದೆ ಗುಂಡುಸೂಜಿ ತಲೆಗಿಂತ ಚಿಕ್ಕ ಗುಳ್ಳೆ ಇದೆ.

ಉಳಿಗಾರ:
ಹಾಗಾದರೆ ರೆಸಿನ್, ಅನುಮಾನ ಬೇಡ. ಆ ಗುಳ್ಳೆ ಎರಕದ್ದೇ. ಬೇಜಾರು ಮಾಡಿಕೊಳ್ಳಬೇಡಿ. ಅಸಲಿ ತೋಮೊತಾದಾ ಎತ್ತು ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ, 9,000 ಯೆನ್‌ಗೆ ಸಂತೆಯಲ್ಲಿ ಸಿಗುವುದು ಕಷ್ಟ. ಬೆಲೆ ಕಟ್ಟುವಾಗ ಕೆತ್ತನೆಯ ಗುಣ, ಬಿರುಕು, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬ ದಾಖಲೆ, ಇವೆಲ್ಲ ಸೇರುತ್ತವೆ. ಬ್ರಿಟನ್ನಿನಲ್ಲಿ 2022ರಿಂದ ದಂತದ ಕಾನೂನು ಬಿಗಿಯಾಗಿದೆ, ಮಾರುವುದೂ ಸುಲಭವಿಲ್ಲ. ನಿಮಗೆ ಆಸೆಯಿದ್ದರೆ ತ್ಸುಗೆ (ಬಾಕ್ಸ್‌ವುಡ್) ಮರದ ನೆಟ್ಸುಕೆ ಹುಡುಕಿ. ಮರ ಕೈಯಲ್ಲಿ ಆಡಿದಷ್ಟೂ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಕೊಳ್ಳುವ ಮುಂಚೆ ಕ್ಯೋಟೊದ ಮಿಬು ಕಡೆ ಇರುವ ಸೇಶು ನೆಟ್ಸುಕೆ ಮ್ಯೂಸಿಯಂಗೆ ಒಮ್ಮೆ ಹೋಗಿ. ಹಳೆಯ ಸಮುರಾಯಿ ಮನೆ ಅದು. ಈ ಕಾಲದವರ ಕೆತ್ತನೆಯೇ ಜಾಸ್ತಿ, ಆದರೆ ಕಣ್ಣು ಪಳಗುತ್ತದೆ.

ಈ ಎತ್ತನ್ನು ಅಪ್ಪನಿಗೇ ಕೊಡಿ. ರೆಸಿನ್‌ಗೆ ಕಾನೂನಿನ ತಕರಾರಿಲ್ಲ. ನಕಲು ಅಂತ ಹೇಳಿಯೇ ಕೊಡಿ. ಗೊರಸು, ಕೊಂಬು ಸರಿಯಾಗಿದೆಯಾ ಅಂತ ಅವರನ್ನೇ ಕೇಳಿ, ನನಗೂ ಬರೆಯಿರಿ.